ಮಂಗಳಮ್ಮನ ಭರಣಿ ಮತ್ತು ಪಾಲಾಕ್ಷನ ಪಾದ

ಸಾಮ್ರಾಜ್ಯಗಳು ಬಿದ್ದ ತಾರೀಖುಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಾರೆ. ನದಿಗಳು ದಿಕ್ಕು ಬದಲಿಸಿದ್ದನ್ನೂ, ರಾಜರು ಕುದುರೆಯಿಂದ ಉರುಳಿದ್ದನ್ನೂ ತಿಳಿದವರು ದಪ್ಪ ಪುಸ್ತಕಗಳಲ್ಲಿ ಬರೆದಿಟ್ಟಿದ್ದಾರೆ. ಆದರೆ ಸರ್ವಮಂಗಳಮ್ಮನ ಉಪ್ಪಿನಕಾಯಿ ಭರಣಿ ಹಿಟ್ಟಿನ ಗಿರಣಿಯ ನೆಲಕ್ಕೆ ಬಿದ್ದು ಚೂರಾದ ದಿನದ ಬಗ್ಗೆ ಎಲ್ಲಿಯೂ ಒಂದು ಸಾಲಿಲ್ಲ. ಊರಿನಲ್ಲಿ ಅಚ್ಚಿನ ಮೊಳೆಗಳಿರುವುದು ನನ್ನೊಬ್ಬಳ ಹತ್ತಿರವಾದ್ದರಿಂದ ಚರಿತ್ರೆಯ ಈ ಲೋಪವನ್ನು ತುಂಬುವ ಭಾರ ನನ್ನ ಮೇಲೆ ಬಿದ್ದಿದೆ. ತಪ್ಪು, ಬಿದ್ದಿಲ್ಲ, ನಾನೇ ಹೊತ್ತುಕೊಂಡಿದ್ದೇನೆ. ಹೀಗೆ ತಿದ್ದಿಕೊಳ್ಳದೆ ಮುಂದಕ್ಕೆ ಹೋದರೆ ಕುರ್ಚಿ ಬಿಟ್ಟು ಮೇಲೇಳುತ್ತೇನೆ, ಆಮೇಲೆ ಬರೆಯಲು ಮೇಜು ಎಟುಕುವುದಿಲ್ಲ.

ನಮ್ಮೂರಲ್ಲಿ ಹಾಗೆ. ತಾನು ಮಾಡಿದ್ದನ್ನು ತಾನಾಗಿ ಆದದ್ದೆಂಬಂತೆ ಯಾರಾದರೂ ‘ಆಯ್ತು’ ಎಂದರೆ ಅವರ ಕಾಲು ನೆಲ ಬಿಡುತ್ತದೆ. ಸಣ್ಣ ಮಾತಿಗೆ ಸಣ್ಣ ಎತ್ತರ. ‘ಹಾಲು ಉಕ್ಕಿಹೋಯ್ತು’ ಎಂದರೆ ಒಂದು ನೂಲಿನಷ್ಟು, ‘ಬರಬೇಕು ಅಂತಲೇ ಇದ್ದೆ, ಆಗ್ಲಿಲ್ಲ’ ಎಂದರೆ ಒಂದು ಬೆರಳು. ‘ಮಳೆ ಬಂತು’ ಎಂದವರು ಏಳುವುದಿಲ್ಲ. ಮಳೆ ನಿಜವಾಗಿಯೂ ತಾನೇ ಬರುತ್ತದೆ. ‘ಸಿಟ್ಟು ಬಂತು’ ಎಂದರೂ ಏಳುವುದಿಲ್ಲ, ಸಿಟ್ಟು ಕೇಳಿ ಬರುವ ನೆಂಟನಲ್ಲ. ಆದರೆ ‘ಸಿಟ್ಟಲ್ಲಿ ನಾಲ್ಕು ಮಾತು ಬಂದ್ಬಿಟ್ವು’ ಎಂದ ಗಂಡಸರು ಸೂರಿನ ತೊಲೆಗೆ ಬೆನ್ನು ಆನಿಸಿಕೊಂಡು ಊಟ ಮಾಡುವುದನ್ನು ನಾನು ಎಷ್ಟೋ ಮನೆಗಳ ಕಿಟಕಿಯಲ್ಲಿ ಕಂಡಿದ್ದೇನೆ. ಹೆಂಡತಿಯರು ಏಣಿ ಹಾಕಿ ಸಾರು ಬಡಿಸುವುದಿಲ್ಲ. ‘ಬೈದೆ, ನಾನೇ ಬೈದೆ’ ಎಂದು ಇಳಿದು ಬಂದವರಿಗೆ ಮಾತ್ರ ಸಾರು.

ಇದಕ್ಕೆ ನಮ್ಮಲ್ಲಿ ಯಾರೂ ಗಾಬರಿಪಡುವುದಿಲ್ಲ. ಹೋಟೆಲಿನ ಬೆಂಚುಗಳ ಕೆಳಗೆ ಕಾಲು ಸಿಕ್ಕಿಸಿಕೊಳ್ಳಲು ಹಗ್ಗ ಕಟ್ಟಿದ್ದಾರೆ. ಪುರಸಭೆಯಲ್ಲಿ ಫ್ಯಾನುಗಳನ್ನು ಚಾವಣಿಯಿಂದ ಬಿಚ್ಚಿ ಗೋಡೆಗೆ ಹಾಕಿದ್ದಾರೆ. ಅಲ್ಲಿ ಕೆಲಸ ಮಾಡುವವರ ತಲೆಗಳಿಗೆ ಅದೇ ಕ್ಷೇಮ. ಪುರಸಭೆಯ ನೋಟಿಸುಗಳನ್ನು ಅಚ್ಚು ಹಾಕುವವಳು ನಾನೇ. ‘ನಾಳೆಯಿಂದ ನೀರು ಬಿಡಲಾಗುವುದಿಲ್ಲವೆಂದು ಈ ಮೂಲಕ ತಿಳಿಯಪಡಿಸಲಾಗಿದೆ’ ಎಂಬ ಕಾಗದ ಎಷ್ಟು ಅಂಟು ಬಳಿದರೂ ಗೋಡೆಗೆ ನಿಲ್ಲುವುದಿಲ್ಲ, ನಾಲ್ಕು ಮೂಲೆಗೂ ಮೊಳೆ ಹೊಡೆಯಬೇಕು. ಲಗ್ನಪತ್ರಿಕೆಗಳದ್ದೂ ಅದೇ ಪಾಡು. ‘ಗುರುಹಿರಿಯರು ನಿಶ್ಚಯಿಸಿರುವಂತೆ’ ಎಂದು ಜೋಡಿಸಿ ಒತ್ತಿದ ಕೂಡಲೇ ಕಾಗದದ ಕಟ್ಟು ಮೇಜು ಬಿಟ್ಟು ತೇಲುತ್ತದೆ. ಮೇಲೊಂದು ಇಟ್ಟಿಗೆ ಇಟ್ಟು ಮದುವೆ ಮನೆಯವರಿಗೆ ಒಪ್ಪಿಸುತ್ತೇನೆ, ಇಟ್ಟಿಗೆ ಮರೆಯದೆ ವಾಪಸು ಕೊಡಿ ಎಂದು ಹೇಳಿ. ಒಬ್ಬರೂ ಕೊಟ್ಟಿಲ್ಲ. ಮದುವೆಗಳು ನಿಂತಿರುವುದು ನನ್ನ ಇಟ್ಟಿಗೆಗಳ ಮೇಲೆ ಎಂದು ನಾನು ತಮಾಷೆಗೆ ಹೇಳುವುದುಂಟು, ನಗುವವರು ಕಡಿಮೆ.

ನಿಜವಾದ ಕಷ್ಟವಿರುವುದು ಒಪ್ಪಿಗೆಯಲ್ಲಿ. ಹೊರಗಿನ ಊರುಗಳಲ್ಲಿ ಯಾವ ಮಾತಿಗೂ ಜನ ‘ಆಯ್ತು’ ಎಂದೇ ತಲೆಯಾಡಿಸುತ್ತಾರಂತೆ. ನಮ್ಮಲ್ಲಿ ಅದು ನಡೆಯುವುದಿಲ್ಲ. ಹೋಟೆಲಿಗೆ ಹೊಸದಾಗಿ ಸೇರಿದ ಮಾಣಿಯೊಬ್ಬ, ‘ಎರಡು ಇಡ್ಲಿ, ಒಂದು ವಡೆ’ ಎಂದದ್ದಕ್ಕೆ ‘ಆಯ್ತು ಸಾರ್’ ಎಂದು ತಟ್ಟೆಯ ಸಮೇತ ಅಟ್ಟ ತಲುಪಿದ. ಈಗ ‘ತರ್ತೀನಿ ಸಾರ್’ ಎನ್ನುತ್ತಾನೆ, ಮತ್ತು ವಿಚಿತ್ರವೆಂದರೆ ತರುತ್ತಾನೆ.

ನಾನಿರುವುದು ಪೇಟೆ ಬೀದಿಯ ಕೊನೆಯ ಮುದ್ರಣಾಲಯದಲ್ಲಿ. ಊರಿಗೆಲ್ಲ ನಾನು ಪ್ರೆಸ್ಸಕ್ಕ. ಇತರರ ಬರಹ ತಿದ್ದುವ ಕಸುಬಿನವಳಾದರೂ ನಾನೂ ಸಾಮಾನ್ಯವಾಗಿ ಒಂದು ಕಿರುಬೆರಳು ಮೇಲೆಯೇ ನಡೆಯುವವಳು. ಊರಿನ ಸರಾಸರಿ ಅದಕ್ಕಿಂತ ಚೂರು ಹೆಚ್ಚು. ಇದರಿಂದ ನಿಜವಾಗಿ ನಷ್ಟ ಅನುಭವಿಸುತ್ತಿರುವವನು ನನ್ನ ಎದುರುಗಡೆಯ ಚಪ್ಪಲಿ ಅಂಗಡಿಯ ದಸ್ತಗೀರ್ ಒಬ್ಬನೇ. “ಸವೀದೇ ಇರೋ ಚಪ್ಪಲಿ ಮಾರಿ ಬದುಕೋದು ಹೆಂಗೆ ಪ್ರೆಸ್ಸಕ್ಕ?” ಎಂದು ಅವನು ಬೆಳಗಾದರೆ ಕೇಳುತ್ತಾನೆ. “ಅಪ್ಪ ತಗೊಂಡಿದ್ದು ಮಗ ಹಾಕ್ತಾನೆ, ಮಗ ಬಿಟ್ಟಿದ್ದು ಮೊಮ್ಮಗ. ಇದೇನು ಚಪ್ಪಲಿನಾ, ಜಮೀನಾ?”

ನನ್ನ ಪಕ್ಕದ್ದು ಪಾಲಾಕ್ಷನ ಹಿಟ್ಟಿನ ಗಿರಣಿ. ನಲವತ್ತು ದಾಟಿದ ಪಾಲಾಕ್ಷ ಊರಿನಲ್ಲೇ ಸದಾ ಅತಿ ಎತ್ತರದಲ್ಲಿರುವ ಮನುಷ್ಯ. ನೆಲದಿಂದ ಒಂದು ಮೊಳ ಮೇಲೆ. ಸುಳ್ಳುಗಾರನಲ್ಲ, ಸೋಮಾರಿಯೂ ಅಲ್ಲ. ಬಹಳ ಒಳ್ಳೆಯವನು, ಎಷ್ಟು ಒಳ್ಳೆಯವನೆಂದರೆ ಜೀವನದಲ್ಲಿ ಏನನ್ನೂ ಸ್ವತಃ ಮಾಡಿರಲಿಲ್ಲ. ಕಾಲೇಜಿನಲ್ಲಿ ಅವನಿಗೆ ಕಾಮರ್ಸ್ ‘ಸಿಕ್ಕಿತು’. ಗಿರಣಿ ಅಪ್ಪನಿಂದ ‘ಬಂತು’. ಹಾಡುವುದು ‘ನಿಂತುಹೋಯ್ತು’. ಮದುವೆ ‘ಆಗಲಿಲ್ಲ’. ಒಂದೊಂದು ಮಾತಿಗೂ ಒಂದೊಂದು ಬೆರಳು ಏರುತ್ತಾ ಬಂದು, ಕೊನೆಗೆ ಮುಕ್ಕಾಲಿಯಿಲ್ಲದೆಯೇ ಗಿರಣಿಯ ತೊಟ್ಟಿಗೆ ಕಾಳು ಸುರಿಯುವಷ್ಟು ಎತ್ತರಕ್ಕೆ ನೆಲೆಸಿದ. ಅನುಕೂಲವೂ ಇತ್ತೆನ್ನಿ. ಅವನಿಗೆ ಮುಳ್ಳು ಚುಚ್ಚುತ್ತಿರಲಿಲ್ಲ, ಕೆಸರು ಹತ್ತುತ್ತಿರಲಿಲ್ಲ. ಚಪ್ಪಲಿಯನ್ನಂತೂ ಹಾಕಿಯೇ ಇರಲಿಲ್ಲ. ಗಾಳಿ ಜೋರಿದ್ದ ದಿನ ಮಾತ್ರ ಸೊಂಟಕ್ಕೊಂದು ಹಗ್ಗ ಬಿಗಿದು, ಅದರ ತುದಿಯನ್ನು ರಾಗಿ ಚೀಲಕ್ಕೆ ಕಟ್ಟಿಕೊಳ್ಳುತ್ತಿದ್ದ.

ಅವನ ತಾಯಿ ಹಾಲಮ್ಮನದು ಇದಕ್ಕೆ ತದ್ವಿರುದ್ಧದ ಕಾಯಿಲೆ. ಆಕೆ ಎಲ್ಲವನ್ನೂ ತನ್ನ ಮೇಲೆ ಎಳೆದುಕೊಳ್ಳುವವಳು. “ಎಲ್ಲ ನಂದೇ ತಪ್ಪು ಕಣವ್ವ. ಕರೆಂಟ್ ಹೋಗಿದ್ದೂ ನಂದೇ, ಬೆಕ್ಕು ಕಾಲ್ಮುರ್ಕೊಂಡಿದ್ದೂ ನಂದೇ” ಎಂದು ನಿಟ್ಟುಸಿರು ಬಿಡುತ್ತಲೇ ನೆಲದೊಳಕ್ಕೆ ಇಳಿಯುತ್ತಿದ್ದಳು. ತನ್ನದಲ್ಲದ್ದನ್ನು ಹೊತ್ತರೂ ನಮ್ಮ ನೆಲ ಸುಮ್ಮನಿರುವುದಿಲ್ಲ, ಪಾದ ನುಂಗುತ್ತದೆ. ಅವರ ಮನೆಯ ಹಜಾರದ ಕಲ್ಲುಹಾಸಿನಲ್ಲಿ ಅಲ್ಲಲ್ಲಿ ಜೋಡಿ ಹೆಜ್ಜೆಗಳ ಗುಂಡಿ. ಒಂದೇ ಮನೆಯಲ್ಲಿ ತಾಯಿ ಮೊಳಕಾಲುದ್ದ ಒಳಗೆ, ಮಗ ಮೊಳದೆತ್ತರ ಹೊರಗೆ. ಅನ್ನ ಬಡಿಸುವಾಗ ತಾಯಿ ಕೈಯನ್ನು ಎತ್ತಿ ಎತ್ತಿ ಸೋಲುತ್ತಿದ್ದಳು, ಮಗ ಬಗ್ಗಿ ಬಗ್ಗಿ.

ಇಂಥ ಊರಿನಲ್ಲಿ ಸರಿಯಾಗಿ ನೆಲದ ಮೇಲೆ ನಡೆಯುತ್ತಿದ್ದವಳು ಸರ್ವಮಂಗಳಮ್ಮ. ಮನೆಯಲ್ಲೇ ಚಪಾತಿ, ಹೋಳಿಗೆ, ಉಪ್ಪಿನಕಾಯಿ ಮಾಡಿ ಅಂಗಡಿಗಳಿಗೆ ಕೊಡುತ್ತಿದ್ದಳು. ಚಪಾತಿ ಸೀದರೆ ‘ಸೀಸಿದೀನಿ, ನೋಡ್ಕೊಂಡು ತಗೊಳ್ಳಿ’ ಎನ್ನುವ ಹೆಂಗಸು. ಮಳೆ ನಿಂತ ಮೇಲೆ ಬೀದಿಯ ಕೆಸರಿನಲ್ಲಿ ಹೆಜ್ಜೆ ಮೂಡಿದ್ದರೆ ಅದು ಅವಳದೇ. ವರ್ಷಕ್ಕೊಂದು ಜೊತೆ ಚಪ್ಪಲಿ ಸವೆಸುತ್ತಿದ್ದುದರಿಂದ, ಅವಳು ಬೀದಿಗೆ ಬಂದರೆ ದಸ್ತಗೀರ್ ಎದ್ದು ನಿಲ್ಲುತ್ತಿದ್ದ.

ಪಾಲಾಕ್ಷನಿಗೂ ಅವಳಿಗೂ ನಡುವೆ ಏನಿತ್ತು ಎಂಬುದನ್ನು ಅವರಿಬ್ಬರನ್ನು ಬಿಟ್ಟು ಎಲ್ಲರೂ ಹೇಳಬಲ್ಲವರಾಗಿದ್ದರು. ಖಾರದಪುಡಿ ಬೀಸಿದ ಗಿರಣಿಯಲ್ಲಿ ಮರುಕ್ಷಣವೇ ಗೋಧಿ ಹಾಕಿದರೆ ಹಿಟ್ಟು ತಿಂದವರ ಕಣ್ಣಲ್ಲಿ ನೀರು. ಬೇರೆ ಗಿರಾಕಿಗಳಿಗೆ ಪಾಲಾಕ್ಷ ‘ಸ್ವಲ್ಪ ಖಾರ ತಾಗಿಬಿಡ್ತು’ ಎಂದು ಒಂದು ನೂಲು ಏರಿ ಸುಮ್ಮನಾಗುತ್ತಿದ್ದ. ಮಂಗಳಮ್ಮನ ಡಬ್ಬ ಬಂದ ದಿನ ಮಾತ್ರ ತನ್ನ ಮನೆಯ ಗೋಧಿಯನ್ನು ಮೊದಲು ಸುರಿದು, ಕಲ್ಲಿಗೆ ಅಂಟಿದ ಖಾರವನ್ನೆಲ್ಲ ಅದಕ್ಕೆ ಮೆತ್ತಿಸಿ, ಆಮೇಲೆ ಅವಳದನ್ನು ಬೀಸುತ್ತಿದ್ದ. ಆ ಖಾರದ ಹಿಟ್ಟಿನ ರೊಟ್ಟಿಯನ್ನು ಹಾಲಮ್ಮ ಮತ್ತು ಅವನು ಎಷ್ಟೋ ವರ್ಷ ಮೂಗು ಸೊರಸೊರ ಎಳೆಯುತ್ತಾ ತಿಂದರು. ಇದು ಪ್ರೇಮವಲ್ಲವೆಂದು ವಾದಿಸುವವರ ಜೊತೆ ನಾನು ಮಾತಾಡುವುದಿಲ್ಲ. ಆದರೆ ಪಾಲಾಕ್ಷ ಬಾಯಿ ಬಿಡಲಿಲ್ಲ. ಮಂಗಳಮ್ಮನೂ ಕೇಳಲಿಲ್ಲ, ಬಿಸಿ ಹಿಟ್ಟಿನ ಡಬ್ಬ ಸೊಂಟಕ್ಕಿಟ್ಟುಕೊಂಡು ಒಂದು ಕ್ಷಣ ಜಾಸ್ತಿ ನಿಂತು, ಹೋಗುತ್ತಿದ್ದಳು.

ಒಂದು ದಿನ ಅವಳು ನನ್ನ ಪ್ರೆಸ್ಸಿಗೆ ಬಂದಳು. ದೂರದ ಊರಿನಲ್ಲಿ ಅವಳ ತಂಗಿ ಒಂದು ಮೆಸ್ ತೆರೆಯುವವಳಿದ್ದಳು. ಅಡುಗೆಗೆ ನೀನೇ ಬಾ ಎಂದು ಕರೆದಿದ್ದಳಂತೆ.

“ಹೋಗೋ ಹಾಗಾಯ್ತು ಪ್ರೆಸ್ಸಕ್ಕ” ಎಂದಳು. “ಶುಕ್ರವಾರ ಮಧ್ಯಾಹ್ನದ ಬಸ್ಸು.”

ನನ್ನ ಕಿವಿ ನೆಟ್ಟಗಾಯಿತು. ಕಣ್ಣು ತಾನಾಗಿ ಕೆಳಗೆ ಹೋಯಿತು. ಕಿವಿ, ಕಣ್ಣುಗಳ ವಿಷಯದಲ್ಲಿ ಹೀಗೆ ಬರೆಯಲು ನಮ್ಮಲ್ಲಿ ಅಡ್ಡಿಯಿಲ್ಲ. ಸರ್ವಮಂಗಳಮ್ಮನ ಹಿಮ್ಮಡಿಯ ಕೆಳಗೆ ಬೆಳಕು! ಒಂದು ಪೋಸ್ಟ್ ಕಾರ್ಡು ತೂರಿಸುವಷ್ಟು ಸಂದು, ಅಷ್ಟೇ. ಅವಳಿಗೆ ಗೊತ್ತಾದಂತೆ ಕಾಣಲಿಲ್ಲ. ನಾನು ಹೇಳಲೂ ಇಲ್ಲ. ಇತರರ ಪಾದದ ಕೆಳಗೆ ನೋಡುವುದು ನಮ್ಮಲ್ಲಿ ಅಷ್ಟು ಮರ್ಯಾದೆಯ ಕೆಲಸವಲ್ಲ.

ಭರಣಿಯ ಪ್ರಸಂಗ ನಡೆದದ್ದು ಗುರುವಾರ. ಅದು ಅವಳ ಅಜ್ಜಿಯ ಭರಣಿ; ಕಂದು ಬಣ್ಣದ್ದು, ಒಂದು ಮಗು ಒಳಗೆ ಕೂತು ಕಣ್ಣಾಮುಚ್ಚಾಲೆ ಆಡಬಹುದಾದಷ್ಟು ದೊಡ್ಡದು. ಅದರಲ್ಲಿ ಹಾಕಿದ ಮಾವಿನಕಾಯಿ ಎರಡು ವರ್ಷ ಕಳೆದರೂ ಕಟುಂ ಎನ್ನುತ್ತಿತ್ತು. ಬಸ್ಸಿನಲ್ಲಿ ಹೋಗುವಾಗ ಒಡೆಯದಿರಲಿ ಎಂದು ಮಂಗಳಮ್ಮ ಅದನ್ನು ತೊಳೆದು ಗಿರಣಿಗೆ ತಂದಳು. ತೌಡು ತುಂಬಿದ ಗೋಣಿಚೀಲದೊಳಗೆ ಅದನ್ನು ಹೂತು ಚೀಲದ ಬಾಯಿ ಹೊಲಿದರೆ ಭದ್ರ. ಪಾಲಾಕ್ಷ ಭರಣಿಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಚೀಲದ ಮೇಲಕ್ಕೆ ತೇಲಿದ. ನಾನು ಬಾಗಿಲಲ್ಲೇ ನಿಂತಿದ್ದೆ. ಸದ್ದು ಮಾತ್ರ ಬಹಳ ಚೆನ್ನಾಗಿತ್ತು, ಮೂರು ಬೀದಿ ಕೇಳಿಸುವಷ್ಟು.

“ಕೈ ಜಾರ್ತು” ಎಂದ ಪಾಲಾಕ್ಷ, ಮತ್ತು ಸರ್ರನೆ ಮೇಲೇರಿ ತಗಡಿನ ಸೂರಿಗೆ ತಲೆ ಬಡಿದುಕೊಂಡ.

ಮಂಗಳಮ್ಮ ಚೂರುಗಳನ್ನು ನೋಡಿದಳು. ಆಮೇಲೆ ತಲೆಯೆತ್ತಿದಳು. “ಯಾರು ಒಡೆದಿದ್ದು ಪಾಲಾಕ್ಷಪ್ಪೋರೆ?”

“ಒಡೆದ್ಹೋಯ್ತು…” ತಗಡು ಮತ್ತೆ ಢಣ್ ಎಂದಿತು.

“ಅದೇ ಕೇಳ್ತಿರೋದು. ಯಾರು?”

“ಏನೋ ಆಗ್ಬಿಡ್ತು ಮಂಗಳಮ್ಮೋರೆ…” ಢಣ್.

“ಸರಿ ಬಿಡಿ. ಇನ್ನೂ ಮಾತಾಡ್ಸಿದ್ರೆ ನಿಮ್ಮ ತಗಡೇ ಹಾಳಾಗ್ತದೆ” ಎಂದು ಅವಳು ದೊಡ್ಡದೊಂದು ಚೂರನ್ನು ಸೆರಗಿನಲ್ಲಿ ಒರೆಸಿ, ಮತ್ತೆ ನೆಲದ ಮೇಲಿಟ್ಟು ಹೊರಟುಹೋದಳು. ಕಣ್ಣೀರು ಹಾಕಲಿಲ್ಲ. ಹಾಕಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಪ್ರೆಸ್ಸಿನಿಂದ ಕಾಗದ ಎಳೆಯುವ ಕೊಕ್ಕೆ ತಂದು ಸೂರಿನಲ್ಲಿದ್ದ ಪಾಲಾಕ್ಷನ ಪಂಚೆಯ ಅಂಚು ಜಗ್ಗಿದೆ. “ಲೋ, ನಾಳೆ ಹೋಗ್ತಾಳೆ. ಗೊತ್ತಲ್ಲ?”

“ಗೊತ್ತು ಪ್ರೆಸ್ಸಕ್ಕ.”

“ಅವಳನ್ನ ನಿಲ್ಸೋ ಬಾಯಿ ನಿಂಗಿದೆಯೋ ಇಲ್ವೋ?”

“ಸೂರಿಗೆ ಅಂಟ್ಕೊಂಡಿರೋನ ಮಾತು ಯಾರು ನಂಬ್ತಾರೆ? ಮದುವೆ ಬಗ್ಗೆ ಕೇಳೋನು ನೆಲದ ಮೇಲೆ ನಿಂತು ಕೇಳ್ಬೇಕಲ್ವಾ?”

ಇದು ನಮ್ಮೂರ ಪದ್ಧತಿ. ತೇಲುತ್ತಾ ಕೊಟ್ಟ ಮಾತು ಮಾತಲ್ಲ ಎಂಬುದು ಕೂಸಿಗೂ ಗೊತ್ತು. ಅಂದರೆ ಶುಕ್ರವಾರ ಮಧ್ಯಾಹ್ನದೊಳಗೆ ಪಾಲಾಕ್ಷನ ಪಾದ ನೆಲ ಮುಟ್ಟಬೇಕು. ಇಲ್ಲವೆಂದರೆ ಮಂಗಳಮ್ಮ ಹೋದಳು. ಇಳಿಯಲು ಇರುವ ದಾರಿ ಒಂದೇ. ಕ್ರಿಯಾಪದಕ್ಕೆ ‘ನಾನು’ ಹಚ್ಚಬೇಕು, ಹಚ್ಚಿದ್ದು ನಿಜವಾಗಿರಬೇಕು.

“ಹೇಳು, ನಾನೇ ಒಡೆದೆ ಅಂತ.”

“ನಾನೇ ಒಡೆದೆ” ಎಂದ. ಸೂರಿನಿಂದ ತನ್ನ ಹಳೆಯ ಎತ್ತರಕ್ಕೆ ಇಳಿದ, ಅಲ್ಲೇ ನಿಂತ. “ನಾನೇ ಒಡೆದೆ, ನಾನೇ ಒಡೆದೆ” ಎಂದು ಮಗ್ಗಿಯಂತೆ ಒಪ್ಪಿಸಿದರೂ ಒಂದು ಕೂದಲೂ ಇಳಿಯಲಿಲ್ಲ. ಎಲ್ಲೋ ಏನೋ ಉಳಿದಿತ್ತು. ಏನೆಂದು ಅವನು ಹೇಳಲೊಲ್ಲ.

ಆಗ ಅವನು ಹಾಲಮ್ಮನ ಮಗನೆಂಬುದು ನನಗೆ ಮನವರಿಕೆಯಾದದ್ದು. ಎದೆ ತುಂಬ ಉಸಿರೆಳೆದುಕೊಂಡು ಶುರು ಮಾಡಿದ. “ಭರಣಿ ಒಡೆದಿದ್ದು ನಾನೇ. ಅಜ್ಜಿ ತೀರ್ಕೊಂಡಿದ್ದಕ್ಕೂ ನಾನೇ ಕಾರಣ. ತಂಗಿ ಮೆಸ್ ಮಾಡ್ತಿರೋದೂ ನನ್ನಿಂದ್ಲೇ. ಬಸ್ಸು ಕಂಡು ಹಿಡಿದಿದ್ದೂ—” ಅಷ್ಟರಲ್ಲಿ ನೆಲ ಮುಟ್ಟಿ, ಮುಟ್ಟಿದ್ದು ಸಾಲದೆ ಸೀದಾ ಒಳಕ್ಕಿಳಿದು, ಮಂಡಿಯವರೆಗೆ ಗಿರಣಿಯ ಗಾರೆಯಲ್ಲಿ ನೆಟ್ಟುಕೊಂಡ. ಗದ್ದಲ ಕೇಳಿ ಬಂದ ದಸ್ತಗೀರ್ ಕಂಕುಳಲ್ಲಿ ಕೈ ಹಾಕಿ, “ಏನ್ ಸ್ವಾಮಿ, ಮೇಲೋ ಕೆಳಗೋ ಒಂದು ಕಡೆ ಇರಿ. ನಡುವೆ ನಾವೂ ಒಂದಷ್ಟು ಜನ ಬದುಕಿದೀವಿ” ಎಂದು ಎಳೆದ. ಹಾಲಮ್ಮ ಬಾಗಿಲಿನಿಂದ ಇಣುಕಿ, “ಇವನು ಹಿಂಗಾಗಿದ್ದು ನನ್ನಿಂದ್ಲೇ” ಎಂದು ಹೊಸ್ತಿಲಲ್ಲೇ ಹೂತುಹೋದಳು. ಆ ಮಧ್ಯಾಹ್ನವೆಲ್ಲ ನಮಗೆ ಹಾರೆ ಹಿಡಿಯುವ ಕೆಲಸ. ಹೊರಕ್ಕೆ ಬಂದ ಪಾಲಾಕ್ಷ ಮೈ ಕೊಡವಿಕೊಂಡು, “ಎಲ್ಲಾ ಎಡವಟ್ಟಾಯ್ತು” ಎಂದ. ತನ್ನ ಮಾಮೂಲು ಮೊಳದೆತ್ತರಕ್ಕೆ ಹೋಗಿ ನಿಂತ.

ಶುಕ್ರವಾರ ಬಿಸಿಲು ಚುರುಗುಟ್ಟುತ್ತಿತ್ತು. ಬಸ್ ನಿಲ್ದಾಣಕ್ಕೆ ಅವನನ್ನು ಸೊಂಟದ ಹಗ್ಗ ಹಿಡಿದು ಕರೆದುಕೊಂಡು ಹೋದವಳು ನಾನೇ, ಹಬ್ಬಕ್ಕೆ ಕರು ಹೊಡೆದುಕೊಂಡು ಹೋಗುವ ಹಾಗೆ. ದಾರಿಯುದ್ದಕ್ಕೂ ಜನ ಕೈಕೆಲಸ ಬಿಟ್ಟು ಹಿಂದೆ ಬಂದರು; ನಮ್ಮೂರಲ್ಲಿ ಸಿನಿಮಾ ಮಂದಿರ ಮುಚ್ಚಿ ಬಹಳ ಕಾಲವಾಗಿದೆ. ಮಂಗಳಮ್ಮ ಕಿಟಕಿ ಪಕ್ಕದ ಸೀಟಿನಲ್ಲಿ ಕೂತಿದ್ದಳು. ಪಾಲಾಕ್ಷ ತೇಲುವ ಎತ್ತರಕ್ಕೂ ಬಸ್ಸಿನ ಕಿಟಕಿಗೂ ಸರಿಹೋಗಿ, ಇಬ್ಬರ ಮುಖ ಎದುರುಬದುರು ಬಂದವು.

“ಏನು ಪಾಲಾಕ್ಷಪ್ಪೋರು, ಇಷ್ಟು ದೂರ?”

“ಹೀಗೇ… ಬರೋ ಹಾಗಾಯ್ತು” ಎಂದು ಅವನು ಬಸ್ಸಿನ ತಲೆಯವರೆಗೆ ಹೋದ. ನಾನು ಹಗ್ಗ ಜಗ್ಗಿ, “ನೆಟ್ಟಗೆ ಹೇಳೋ!” ಎಂದೆ.

“ಬಂದೆ. ನಾನೇ ಬಂದೆ.” ಮತ್ತೆ ಕಿಟಕಿಗಿಳಿದ. “ಭರಣಿ ವಿಷಯ ಹೇಳಕ್ಕೆ ಬಂದೆ.”

“ಹೇಳಿದ್ರಲ್ಲ. ಕೈ ಜಾರ್ತು ಅಂತ.”

ಪಾಲಾಕ್ಷ ಕಿಟಕಿಯ ಸರಳು ಹಿಡಿದ. “ಜಾರ್ಲಿಲ್ಲ” ಎಂದ.

ಅವನ ಪಾದ ಒಂದು ಗೇಣು ಕೆಳಕ್ಕೆ ಬಂತು.

“ಚೀಲದೊಳಕ್ಕೆ ಇಳಿಸ್ತಾ ಇದ್ದೆ. ಇದು ಒಳಗೆ ಹೋದ್ರೆ ಬಾಯಿ ಹೊಲೀಬೇಕು. ಹೊಲಿದ್ರೆ ಬಸ್ಸಿಗೆ ಹಾಕ್ಬೇಕು. ಬಸ್ಸಿಗೆ ಹಾಕಿದ್ರೆ ನೀವು ಹೊರಟೇಹೋಗ್ತೀರ ಅಂತ ಅನ್ನಿಸ್ಬಿಡ್ತು…” ಪಾದ ಸ್ವಲ್ಪ ಏರಿತು. ಅವನು ಕೆಳಗೆ ನೋಡಿ ತಿದ್ದಿಕೊಂಡ. “ಅಂದ್ಕೊಂಡೆ. ನಾನೇ ಅಂದ್ಕೊಂಡೆ. ನೀವು ಹೋಗ್ಬಾರ್ದು ಅಂತ ಕೈ ಬಿಟ್ಟೆ ಮಂಗಳಮ್ಮೋರೆ. ಜಾರ್ಲಿಲ್ಲ. ಬಿಟ್ಟೆ.”

ಧಪ್ ಎಂದು ಸದ್ದು ಕೇಳಿಸಿತು. ಪಾಲಾಕ್ಷ ನೆಲದ ಮೇಲಿದ್ದ. ಎರಡೂ ಪಾದ, ಹತ್ತೂ ಬೆರಳು, ಹಿಮ್ಮಡಿ ಸಮೇತ. ನಿಲ್ದಾಣವೇ ಉಸಿರು ಹಿಡಿದು ಆ ಗಂಭೀರ ದೃಶ್ಯ ನೋಡುತ್ತಿರಲು, ಅವನು “ಅಯ್ಯಯ್ಯಯ್ಯೋ ಸುಡ್ತದೆ!” ಎಂದು ಕುಣಿಯತೊಡಗಿದ. ಬೇಸಿಗೆಯ ಡಾಂಬರು ಎಂದರೆ ಏನೆಂದು ಅವನ ಅಂಗಾಲಿಗೆ ಹೇಗೆ ಗೊತ್ತಿರಬೇಕು? ಗುಂಪನ್ನು ಸೀಳಿಕೊಂಡು ದಸ್ತಗೀರ್ ಓಡಿ ಬಂದ, ಕೈಯಲ್ಲೊಂದು ಹೊಸ ಜೊತೆ. “ಹಾಕ್ಕಳಿ ಸ್ವಾಮಿ, ಹಾಕ್ಕಳಿ! ನಿಮ್ಮ ಅಳತೆದು ಹೊಲಿದಿಟ್ಟು ಎಷ್ಟು ಕಾಲದಿಂದ ಕಾಯ್ತಿದೀನಿ!”

ಚಪ್ಪಲಿ ಮೆಟ್ಟಿ ನಿಂತ ಪಾಲಾಕ್ಷನ ತಲೆ ಈಗ ಕಿಟಕಿಗಿಂತ ಕೆಳಗಿತ್ತು. ಮಂಗಳಮ್ಮ ಬಗ್ಗಿ ಹುಡುಕಬೇಕಾಯಿತು.

“ನೀವು ಇಷ್ಟು ಕುಳ್ಳ ಅಂತ ನಂಗೆ ಗೊತ್ತೇ ಇರ್ಲಿಲ್ಲ” ಎಂದಳು.

“ನಂಗೂ ಗೊತ್ತಿರ್ಲಿಲ್ಲ.”

“ಅಲ್ರೀ, ನಮ್ಮಜ್ಜಿ ಭರಣಿ ಒಡೆದು ನನ್ನ ನಿಲ್ಲಿಸ್ಕೋತೀನಿ ಅಂದ್ಕೊಂಡ್ರಲ್ಲ, ಬಾಯಿ ಇರ್ಲಿಲ್ವಾ?”

“ಇತ್ತು. ತೆಗೀಲಿಲ್ಲ.”

“ಇಷ್ಟು ವರ್ಷ?”

“ಇಷ್ಟು ವರ್ಷವೂ ತೆಗೀಲಿಲ್ಲ. ನಾನೇ ತೆಗೀಲಿಲ್ಲ.”

ನಾನು ಬಗ್ಗಿ ನೋಡಿದೆ. ಮರ್ಯಾದೆಯ ಮಾತು ಆಗ ಯಾರಿಗೆ ಬೇಕಿತ್ತು? ಅವನು ಏಳಲೂ ಇಲ್ಲ, ಹೂತುಹೋಗಲೂ ಇಲ್ಲ. ಚಪ್ಪಲಿಯ ಅಟ್ಟೆ ಡಾಂಬರಿಗೆ ಸರಿಸಮವಾಗಿ ಕೂತಿತ್ತು.

ಮಂಗಳಮ್ಮ ನನ್ನ ಕಡೆ ತಿರುಗಿದಳು. “ಪ್ರೆಸ್ಸಕ್ಕ, ಆವತ್ತು ನನ್ನ ಹಿಮ್ಮಡಿ ಕೆಳಗೆ ಬೆಳಕು ಕಂಡ್ರಿ ಅಲ್ವಾ?”

“ಕಂಡೆ.”

“ಹೇಳ್ಲಿಲ್ಲ.”

“ನನ್ನ ಕಾಲಲ್ಲವಲ್ಲವ್ವಾ. ನಿಂಗೆ ಗೊತ್ತಿತ್ತಾ?”

“ಮನೆಗೆ ಹೋಗೋವಾಗ ಚಪ್ಪಲಿ ಸದ್ದೇ ಮಾಡ್ಲಿಲ್ಲ, ಆಗ ಗೊತ್ತಾಯ್ತು.” ಅವಳು ಕಿಟಕಿಯ ಸರಳಿಗೆ ಹಣೆ ಆನಿಸಿದಳು. “ತಂಗಿ ಕರೆದಳು, ನಿಜ. ಹೊರಟಿದ್ದು ನಾನು. ಇಲ್ಲಿ ಯಾರೂ ನನ್ನ ಇರು ಅನ್ಲಿಲ್ಲ ಅಂತ ಹೊರಟೆ. ಅನ್ನೋವರೆಗೂ ನಾನ್ಯಾಕೆ ಕಾದೆ? ಕೇಳೋಕೆ ನಂಗೂ ಬಾಯಿತ್ತು, ನಾನೂ ತೆಗೀಲಿಲ್ಲ.” ಆಮೇಲೆ ಸೆರಗು ಸರಿಮಾಡಿಕೊಂಡು, ಅಂಗಡಿಯಲ್ಲಿ ಬೆಲ್ಲದ ದರ ವಿಚಾರಿಸುವ ದನಿಯಲ್ಲಿ ಕೇಳಿದಳು, “ಪಾಲಾಕ್ಷಪ್ಪೋರೆ, ನನ್ನ ಮದುವೆ ಆಗ್ತೀರಾ?”

ಪಾಲಾಕ್ಷನ ಮುಖ ಹೋಳಿಗೆಯ ಹಾಗೆ ಉಬ್ಬಿತು. ಇಡೀ ಜನ್ಮದ ಸಂತೋಷವನ್ನೆಲ್ಲ ಒಂದೇ ಪದಕ್ಕೆ ತುಂಬಿ ಅವನು ಕೂಗಿದ:

“ಆಯ್ತು!”

ಅಷ್ಟು ಎತ್ತರಕ್ಕೆ ನಮ್ಮೂರಲ್ಲಿ ಯಾರೂ ಹೋದದ್ದನ್ನು ನಾನು ಕಂಡಿಲ್ಲ. ಹಗ್ಗ ನನ್ನ ಕೈಯಲ್ಲಿರಲಿಲ್ಲ. ಜಾರಿರಲಿಲ್ಲ, ನಾನೇ ಬಿಟ್ಟಿದ್ದೆ. ಚಪ್ಪಾಳೆ ತಟ್ಟಲು ಎರಡೂ ಕೈ ಬೇಕಿದ್ದವು. ಬಸ್ಸಿನ ಮೇಲಿನ ಬಾಳೆಗೊನೆಗಳನ್ನೂ ದಾಟಿ, ದೀಪದ ಕಂಬದ ತುದಿಯನ್ನು ತಬ್ಬಿಕೊಂಡು ಪಾಲಾಕ್ಷ ನೇತಾಡುತ್ತಿದ್ದ. ಹೊಸ ಚಪ್ಪಲಿಯಲ್ಲಿ ಒಂದು ಕಂಡಕ್ಟರನ ತಲೆಯ ಮೇಲೆ ಬಿತ್ತು.

“ಯಾರ್ರೀ ಅದು!” ಎಂದು ಕಂಡಕ್ಟರು ಮೇಲೆ ನೋಡಿ ಅಬ್ಬರಿಸಿದ. “ಬಸ್ ಮೇಲೆ ಬಂದ್ರೂ ಟಿಕೆಟ್ ಟಿಕೆಟ್ಟೇ! ಕಂಬದ ಮೇಲಿರೋರು ಬರ್ತೀರೋ ಇಲ್ವೋ?”

ಮಂಗಳಮ್ಮ ಕಿಟಕಿಯಿಂದ ಅರ್ಧ ಮೈ ಹೊರಹಾಕಿದಳು. “ಆಯ್ತು ಅಲ್ಲ ಪುಣ್ಯಾತ್ಮ! ಆಗೋರು ಯಾರು?”

“ನಾನು!” ಎಂದು ಮೇಲಿನಿಂದ ದನಿ ಬಂತು.

“ನಾನು ಏನು? ಪೂರ್ತಿ ಹೇಳಿ!”

“ನಾನು ಆಗ್ತೀನಿ! ನಿಮ್ಮನ್ನ ಮದುವೆ ಆಗ್ತೀನಿ! ಯಾರೋ ಹೇಳಿದ್ದಕ್ಕಲ್ಲ, ನಾನೇ ಆಗ್ತೀನಿ!”

ಒಂದೊಂದು ‘ಆಗ್ತೀನಿ’ಗೂ ಕಂಬದ ಒಂದೊಂದು ಭಾಗ ಜಾರುತ್ತಾ ಅವನು ಇಳಿದ. ಕೊನೆಯ ಮಾತಿಗೆ ಬಸ್ಸಿನ ಮೇಲಿನ ಬಾಳೆಗೊನೆಗಳ ನಡುವೆ ಕೂತ, ಅಲ್ಲಿಂದ ಏಣಿ ಹಿಡಿದು ಎಲ್ಲರಂತೆ ಒಂದೊಂದೇ ಮೆಟ್ಟಿಲಿಳಿದು ಬಂದ. ಅವನು ಏಣಿಯಲ್ಲಿ ಇಳಿದದ್ದನ್ನು ಊರು ಮೊದಲ ಸಲ ನೋಡಿತು. ಯಾರೋ ಸಿಳ್ಳೆ ಹೊಡೆದರು.

“ಹೋಲ್ಡಾನ್” ಎಂದಳು ಮಂಗಳಮ್ಮ ಕಂಡಕ್ಟರನಿಗೆ. “ನಾನು ಇಳೀತೀನಿ.”

“ಟಿಕೆಟ್ ಹರಿದಾಯ್ತಮ್ಮ. ದುಡ್ಡು ವಾಪಸ್ ಬರಲ್ಲ” ಎಂದ ಅವನು, ಮೆಟ್ಟಿಲಿನಿಂದ ಎರಡು ಬೆರಳು ಮೇಲೆದ್ದು.

“ಬರಲ್ಲ ಅನ್ಬೇಡಿ. ನೀವು ಕೊಡಲ್ಲ.”

ಕಂಡಕ್ಟರು ಒಂದು ಕ್ಷಣ ಯೋಚಿಸಿದ. “ಕೊಡಲ್ಲ ಕಣಮ್ಮ” ಎಂದು ಮೆಟ್ಟಿಲಿಗಿಳಿದು, ಹಗುರಾದವನ ಹಾಗೆ ನಕ್ಕು, ಸೀಟಿ ಊದಿದ. ಬಾಳೆಗೊನೆಗಳು ದೂರದ ಊರಿಗೆ ಹೊರಟವು.

ಮಂಗಳಮ್ಮ ಅಂದೇ ತಂಗಿಗೆ ಫೋನು ಮಾಡಿ, ‘ಬರೋಕಾಗಲ್ಲ’ ಎನ್ನದೆ ‘ಬರಲ್ಲ’ ಎಂದಳು. ತಂಗಿಗೆ ಬಹಳ ಕೋಪ ಬಂತು. ಆ ಕೋಪ ಇನ್ನೂ ಪೂರ್ತಿ ಹೋಗಿಲ್ಲ. ‘ಅದು ನಾನು ತಂದ್ಕೊಂಡಿದ್ದು, ಇರ್ಲಿ’ ಎನ್ನುತ್ತಾಳೆ ಮಂಗಳಮ್ಮ, ಮತ್ತು ಪ್ರತಿ ಹಬ್ಬಕ್ಕೆ ತಂಗಿಗೆ ಹೋಳಿಗೆ ಕಳಿಸುತ್ತಾಳೆ. ಹೋಳಿಗೆ ಹಿಂದಕ್ಕೆ ಬಂದದ್ದಿಲ್ಲ.

ಲಗ್ನಪತ್ರಿಕೆಯನ್ನು ಜೋಡಿಸಿದ್ದು ನಾನು, ಬರೆದದ್ದು ಅವರು. ‘ನಾವಿಬ್ಬರೂ ಮದುವೆಯಾಗುತ್ತೇವೆ. ಊಟ ಹಾಕುತ್ತೇವೆ. ಬನ್ನಿ.’ ಒತ್ತಿದ ಕಾಗದ ಮೇಜಿನ ಮೇಲೆ ಕೂತಲ್ಲೇ ಕೂತಿತ್ತು. ನನ್ನ ಒಂದು ಇಟ್ಟಿಗೆ ಉಳಿಯಿತು. ಊರಿನ ಹಿರಿಯರು ಪತ್ರಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿ, ನಮ್ಮ ಹೆಸರೆಲ್ಲಿ ಎಂದು ಕೇಳಿದರು. ಊಟದ ಪಂಕ್ತಿಯಲ್ಲಿದೆ ಎಂದೆ.

ಮದುವೆಯ ದಿನ ಹಾಲಮ್ಮ ವಾಡಿಕೆಯಂತೆ, “ಇಷ್ಟು ತಡ ಆಗಿದ್ದು ನನ್ನಿಂದ್ಲೇ ಕಣೆ” ಎಂದು ಚಪ್ಪರದಲ್ಲೇ ಇಳಿಯತೊಡಗಿದಳು. ಮಂಗಳಮ್ಮ ಅವಳ ರಟ್ಟೆ ಹಿಡಿದಳು. “ಅತ್ತೆ, ತಡ ಮಾಡಿದ್ದು ನಾವಿಬ್ರು. ಅದನ್ನ ನಮಗೆ ಬಿಡಿ. ನೀವು ಮಾಡಿದ್ದು ಹೋಳಿಗೆ. ಅದು ಗಟ್ಟಿಯಾಗಿದೆ.”

ಹಾಲಮ್ಮ ಕಣ್ಣು ಪಿಳುಕಿಸಿದಳು. ತನ್ನದೇ ಆದ ತಪ್ಪೊಂದನ್ನು ಯಾರೂ ಅದುವರೆಗೆ ಅವಳ ಕೈಗೆ ಹೀಗೆ ಅಳೆದು ಕೊಟ್ಟಿರಲಿಲ್ಲ. “ಹೂಂ ಕಣೆ,” ಎಂದಳು ಸ್ವಲ್ಪ ಜಂಬದಿಂದಲೇ, “ಕಣಕ ಗಟ್ಟಿ ಕಲಸ್ದೆ.” ಆಮೇಲೆ ಯಾರ ಸಹಾಯವೂ ಇಲ್ಲದೆ ಗುಂಡಿಯಿಂದ ಹೊರಗೆ ಕಾಲಿಟ್ಟು, ಎರಡನೇ ಪಂಕ್ತಿಗೆ ತುಪ್ಪ ಬಡಿಸಲು ಹೋದಳು.

ಗಿರಣಿಯ ಮುಂಭಾಗದಲ್ಲಿ ಈಗ ಮಂಗಳಮ್ಮನ ಮೆಸ್ ಇದೆ. ಬೆಂಚುಗಳಿಗೆ ಹಗ್ಗ ಕಟ್ಟಿಲ್ಲ. ತೇಲುವವರು ಬೇರೆ ಕಡೆ ತಿನ್ನಲಿ ಎಂಬುದು ಅವಳ ನಿಯಮ. ನಾನು ಮೇಜು ಹಿಡಿದುಕೊಂಡು ತಿನ್ನುತ್ತೇನೆ. ಅಜ್ಜಿಯ ಭರಣಿಯ ಆ ದೊಡ್ಡ ಚೂರು ಗಲ್ಲಾದ ಮೇಲಿದೆ, ಅದರಲ್ಲಿ ಸೋಂಪು ಇಡುತ್ತಾರೆ. ಹೊಸ ಭರಣಿಯ ಉಪ್ಪಿನಕಾಯಿ ಹಳೆಯದರಷ್ಟು ಚೆನ್ನಾಗಿಲ್ಲ. ಕೇಳಿದವರಿಗೆ ಪಾಲಾಕ್ಷ, ‘ಹಳೇದನ್ನ ಒಡೆದೋನು ನಾನೇ’ ಎಂದು ಎಲೆಗೆ ಇನ್ನೊಂದು ಹೋಳು ಹಾಕುತ್ತಾನೆ. ತೊಟ್ಟಿಗೆ ಕಾಳು ಸುರಿಯಲು ಒಂದು ಮುಕ್ಕಾಲಿ ಮಾಡಿಸಿಕೊಂಡಿದ್ದಾನೆ. ಬೆಳಿಗ್ಗೆ ಗಿರಣಿ ಶುರು ಮಾಡುವಾಗ ಹಾಡುತ್ತಾನೆ, ಶ್ರುತಿ ಹಿಡಿಯುವುದಿಲ್ಲ, ಆದರೆ ಹಾಡುತ್ತಾನೆ.

ಹೋದ ವಾರ ಪಾಲಾಕ್ಷ ಚಪ್ಪಲಿ ಸವೆಸಿದ. ದಸ್ತಗೀರ್ ಹೊಸ ಜೊತೆ ಮಾರಿದ.